ಡೇಟಾಬೇಸ್ ಸರ್ವರ್‌ನಿಂದ ಮೇಲ್: 'ಮೇಲ್ ಕ್ಯೂಡ್' ಅನ್ನುತ್ತದೆ, ಇನ್‌ಬಾಕ್ಸ್ ಮಾತ್ರ ಖಾಲಿ

ಹೊಸ_ಡಿಬಿಎ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಮ್ಮ ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) 2016 ಆವೃತ್ತಿಯಲ್ಲಿ ರಾತ್ರಿ ತಾನಾಗಿ ಓಡುವ ಬ್ಯಾಕಪ್ ಜಾಬ್ ಸತತ ನಾಲ್ಕು ದಿನ ಫೇಲ್ ಆಗಿತ್ತು. ಡಿಸ್ಕ್ ತುಂಬಿತ್ತು, ಅಷ್ಟೇ ಕಾರಣ. ಯಾರಿಗೂ ಗೊತ್ತೇ ಆಗಲಿಲ್ಲ. ಐದನೇ ದಿನ ಒಬ್ಬರು ಕೈತಪ್ಪಿ ಒಂದು ಟೇಬಲ್ ಅಳಿಸಿದರು, ರಿಸ್ಟೋರ್ ಮಾಡೋಣ ಅಂತ ಹೋದಾಗಲೇ ವಿಷಯ ಹೊರಬಿದ್ದಿದ್ದು. ನಾಲ್ಕು ದಿನದ ಎಂಟ್ರಿಗಳನ್ನೆಲ್ಲ ಕಾಗದ ನೋಡಿಕೊಂಡು ಮತ್ತೆ ಹಾಕಿದೆವು. ಜಾಬ್ ಬಿದ್ದರೆ ನನಗೆ ಮೇಲ್ ಬರಲೇಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ.

ಡೇಟಾಬೇಸ್ ಮೇಲ್ ಅಂದರೆ ಸರ್ವರ್‌ನಿಂದಲೇ ಮೇಲ್ ಕಳಿಸುವ ಸೌಲಭ್ಯ, ಅದರ ವಿಝಾರ್ಡ್‌ನಲ್ಲಿ ಅಕೌಂಟ್ ಮಾಡಿದೆ, ಪ್ರೊಫೈಲ್ ಮಾಡಿದೆ, ಎರಡನ್ನೂ ಜೋಡಿಸಿದೆ. ಆ ಸೌಲಭ್ಯವನ್ನು ಆನ್ ಮಾಡುವ 'ಡೇಟಾಬೇಸ್ ಮೇಲ್ ಎಕ್ಸ್‌ಪೀಸ್' ಆಯ್ಕೆಯನ್ನೂ 1 ಮಾಡಿ ರೀಕಾನ್ಫಿಗರ್ ಕೊಟ್ಟೆ. ಟೆಸ್ಟ್ ಮೇಲ್ ಕಳಿಸಿದರೆ 'ಮೇಲ್ ಕ್ಯೂಡ್' ಅಂತ ಬರುತ್ತದೆ. ಕೆಂಪು ಅಕ್ಷರದ ಎರರ್ ಒಂದೂ ಇಲ್ಲ. ಆದರೆ ಮೇಲ್ ಬರುವುದಿಲ್ಲ, ಸ್ಪ್ಯಾಮ್ ಫೋಲ್ಡರ್‌ನಲ್ಲೂ ಇಲ್ಲ. ಮೂರು ದಿನ ಆಯಿತು. ಎಲ್ಲಿ ನೋಡಬೇಕು ಅಂತಲೇ ತಿಳಿಯುತ್ತಿಲ್ಲ.

ರಾತ್ರಿಪಾಳಿ:
ಮೊದಲು ಒಂದು ಮಾತು. 'ಮೇಲ್ ಕ್ಯೂಡ್' ಅಂದರೆ ಮೇಲ್ ಹೋಯಿತು ಅಂತಲ್ಲ, ಸಾಲಿನಲ್ಲಿ ನಿಂತಿತು ಅಂತ. ಇದನ್ನು ಬಿಡಿಸಿ ನೋಡಿದರೆ ಅರ್ಧ ಕೆಲಸ ಆದಂತೆ. ನೀವು ಮೇಲ್ ಕಳಿಸುವ ಕಮಾಂಡ್ ಆದ ಎಸ್‌ಪಿ_ಸೆಂಡ್_ಡಿಬಿಮೇಲ್ ಓಡಿಸಿದಾಗ ಸರ್ವರ್ ಎರಡೇ ಕೆಲಸ ಮಾಡುತ್ತದೆ. ಎಂಎಸ್‌ಡಿಬಿ ಅನ್ನುವ ತನ್ನದೇ ಒಳಗಿನ ಡೇಟಾಬೇಸ್‌ನಲ್ಲಿ ಮೇಲ್ ಅನ್ನು ಒಂದು ಸಾಲಾಗಿ ಬರೆದುಕೊಳ್ಳುತ್ತದೆ, ಆಮೇಲೆ ಸರ್ವಿಸ್ ಬ್ರೋಕರ್ (ಸರ್ವರ್ ಒಳಗೆ ಸಂದೇಶ ಸಾಗಿಸುವ ಭಾಗ) ಇಟ್ಟಿರುವ ಕ್ಯೂಗೆ ಒಂದು ಚೀಟಿ ಹಾಕುತ್ತದೆ. ಅಲ್ಲಿಗೆ ನಿಮ್ಮ ಕಮಾಂಡ್ ಮುಗಿಯಿತು. ನಿಜವಾಗಿ ಮೇಲ್ ಒಯ್ಯುವುದು ಡೇಟಾಬೇಸ್‌ಮೇಲ್.ಇಎಕ್ಸ್‌ಇ ಅನ್ನುವ ಬೇರೆಯೇ ಪ್ರೋಗ್ರಾಮ್. ಅದು ಎಸ್‌ಕ್ಯೂಎಲ್ ಸರ್ವರ್‌ನ ಪ್ರೋಸೆಸ್ ಒಳಗೆ ಓಡುವುದಿಲ್ಲ, ಹೊರಗೆ ಓಡುತ್ತದೆ. ಕ್ಯೂನಲ್ಲಿ ಚೀಟಿ ಬಿದ್ದಾಗ ಎದ್ದು ಬರುತ್ತದೆ, ಕೆಲಸ ಇಲ್ಲದಿದ್ದರೆ ಡೀಫಾಲ್ಟ್ ಆಗಿ 600 ಸೆಕೆಂಡ್ ಕಾದು ಮಲಗುತ್ತದೆ.

ಹಾಗಾಗಿ ಇವಿಷ್ಟು ನೋಡಿ ಹೇಳಿ. ಎಂಎಸ್‌ಡಿಬಿಯಲ್ಲಿ ಸಿಸ್‌ಮೇಲ್_ಆಲ್‌ಐಟಮ್ಸ್ ಅನ್ನುವ ವ್ಯೂ ಇದೆ, ಅದರಲ್ಲಿ ಸೆಂಟ್_ಸ್ಟೇಟಸ್ ಕಾಲಂ ಏನು ಹೇಳುತ್ತದೆ? ಅನ್‌ಸೆಂಟ್, ಸೆಂಟ್, ಫೇಲ್ಡ್, ರೀಟ್ರೈಯಿಂಗ್, ಈ ನಾಲ್ಕರಲ್ಲಿ ಒಂದು ಇರುತ್ತದೆ. ಆಮೇಲೆ ಸಿಸ್‌ಮೇಲ್_ಇವೆಂಟ್_ಲಾಗ್‌ನಲ್ಲಿ ಏನಿದೆ? ಎಲ್ಲ ಡೇಟಾಬೇಸ್‌ಗಳ ಪಟ್ಟಿ ಇರುವ ಸಿಸ್.ಡೇಟಾಬೇಸಸ್‌ನಲ್ಲಿ ಎಂಎಸ್‌ಡಿಬಿಯ ಇಸ್_ಬ್ರೋಕರ್_ಎನೇಬಲ್ಡ್ 1 ಇದೆಯಾ?

ಹೊಸ_ಡಿಬಿಎ:
ನೋಡಿದೆ ಸರ್. ಎಲ್ಲ ಟೆಸ್ಟ್ ಮೇಲ್‌ಗಳೂ ಅನ್‌ಸೆಂಟ್. ಒಟ್ಟು 23 ಇವೆ, ಅಷ್ಟು ಸಲ ಬಟನ್ ಒತ್ತಿದ್ದೇನೆ. ಬ್ರೋಕರ್ 1 ಇದೆ. ಇವೆಂಟ್ ಲಾಗ್ ಪೂರ್ತಿ ಖಾಲಿ, ಒಂದು ಸಾಲೂ ಇಲ್ಲ.

ಪೋರ್ಟ್25:
ಲಾಗ್ ಖಾಲಿ ಅನ್ನುವುದೇ ದೊಡ್ಡ ಸುಳಿವು. ಪಾಸ್‌ವರ್ಡ್ ತಪ್ಪಿದ್ದರೆ ಲಾಗ್‌ನಲ್ಲಿ ಬರೆಯುತ್ತಿತ್ತು, ಫೈರ್‌ವಾಲ್ ತಡೆದಿದ್ದರೂ ಬರೆಯುತ್ತಿತ್ತು. ಪ್ರೋಗ್ರಾಮ್ ಏಳುತ್ತಲೇ ಇಲ್ಲ ಅಂತ ಅರ್ಥ. 2016 ಅಂದಿರಿ ಅಲ್ವಾ? ಆ ಮಷೀನ್‌ನಲ್ಲಿ ಡಾಟ್‌ನೆಟ್ 3.5 (ಕೆಲವು ಪ್ರೋಗ್ರಾಮ್ ಓಡಲು ಬೇಕಾದ ಮೈಕ್ರೋಸಾಫ್ಟ್ ತಂತ್ರಾಂಶ) ಇದೆಯಾ ನೋಡಿ. 2016ರ ಮೊದಲ ಬಿಡುಗಡೆಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಹಾಕಲು 3.5 ಬೇಕಿರಲಿಲ್ಲ, ಆದರೆ ಡೇಟಾಬೇಸ್‌ಮೇಲ್.ಇಎಕ್ಸ್‌ಇಗೆ ಬೇಕಿತ್ತು. ಆಮೇಲಿನ ಕ್ಯುಮ್ಯುಲೇಟಿವ್ ಅಪ್‌ಡೇಟ್‌ನಲ್ಲಿ ಸರಿಪಡಿಸಿದರು. ಅಪ್‌ಡೇಟ್ ಹಾಕದೆ ಹಾಗೇ ಬಿಟ್ಟ ಮಷೀನ್‌ಗಳಲ್ಲಿ ಸರಿಯಾಗಿ ಇದೇ ಲಕ್ಷಣ: ಎಲ್ಲ ಅನ್‌ಸೆಂಟ್, ಲಾಗ್ ಖಾಲಿ.

ಖಚಿತ ಮಾಡಿಕೊಳ್ಳಲು ಸುಲಭದ ದಾರಿ ಇದೆ. ಎಸ್‌ಕ್ಯೂಎಲ್ ಸರ್ವರ್‌ನ ಬಿನ್ ಫೋಲ್ಡರ್‌ಗೆ ಹೋಗಿ ಆ ಇಎಕ್ಸ್‌ಇ ಮೇಲೆ ಎರಡು ಸಲ ಕ್ಲಿಕ್ ಮಾಡಿ. 3.5 ಇಲ್ಲದಿದ್ದರೆ ವಿಂಡೋಸ್ ತಾನೇ ಕೇಳುತ್ತದೆ.

ಹೊಸ_ಡಿಬಿಎ:
ಸರ್, ಕೇಳಿತು! ಕ್ಲಿಕ್ ಮಾಡಿದ ತಕ್ಷಣ 3.5 ಬೇಕು ಅಂತ ವಿಂಡೋ ಬಂತು. ಮೂರು ದಿನದಿಂದ ಪಾಸ್‌ವರ್ಡ್ ಬದಲಿಸುತ್ತಾ ಕೂತಿದ್ದೆ. ಅಪ್‌ಡೇಟ್ ಹಾಕಲು ಈ ವಾರ ಅನುಮತಿ ಸಿಗುವುದಿಲ್ಲ, ಹಾಗಾಗಿ ಸದ್ಯಕ್ಕೆ 3.5 ಹಾಕಿದೆ. ಹಾಕಿದ ಮೇಲೆ ಲಾಗ್ ತುಂಬ ಸಾಲು ಬಂದಿವೆ, 23 ಮೇಲ್‌ಗಳೂ ಫೇಲ್ಡ್ ಆಗಿವೆ. ಎರರ್ ಏನೆಂದರೆ ಮೇಲ್ ಸರ್ವರ್ ಜೊತೆ ಸಂಪರ್ಕ ಟೈಮ್‌ಔಟ್. ಪೋರ್ಟ್ 465 ಕೊಟ್ಟಿದ್ದೇನೆ, ಎಸ್‌ಎಸ್‌ಎಲ್ ಟಿಕ್ ಹಾಕಿದ್ದೇನೆ. ಮೊಬೈಲ್‌ನ ಮೇಲ್ ಆ್ಯಪ್‌ನಲ್ಲಿ ಇದೇ ಸೆಟ್ಟಿಂಗ್ ಕೆಲಸ ಮಾಡುತ್ತದೆ.

ಪೋರ್ಟ್25:
ಫೇಲ್ಡ್ ಆಗಿದ್ದು ಒಳ್ಳೆಯ ಸುದ್ದಿ, ಈಗ ಪ್ರೋಗ್ರಾಮ್ ಮಾತಾಡುತ್ತಿದೆ.

465 ಬಿಡಿ, 587 ಹಾಕಿ. ಕಾರಣ ಹೇಳುತ್ತೇನೆ, ಸುಮ್ನೆ ನಂಬರ್ ಬದಲಿಸಿ ಅಂದರೆ ನಾಳೆ ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. 465ರಲ್ಲಿ ಸಂಪರ್ಕದ ಮೊದಲ ಬೈಟ್‌ನಿಂದಲೇ ಗೂಢಲಿಪಿ ಶುರು. 587ರಲ್ಲಿ ಮೊದಲು ಮಾಮೂಲಿ ಭಾಷೆಯಲ್ಲಿ ನಮಸ್ಕಾರ ಹೇಳಿಕೊಂಡು, ಆಮೇಲೆ ಸ್ಟಾರ್ಟ್‌ಟಿಎಲ್‌ಎಸ್ ಅಂತ ಹೇಳಿ ಗೂಢಲಿಪಿಗೆ ದಾಟುತ್ತಾರೆ. ಡೇಟಾಬೇಸ್ ಮೇಲ್ ಒಳಗಡೆ ಬಳಸುವುದು ಡಾಟ್‌ನೆಟ್‌ನ ಎಸ್‌ಎಂಟಿಪಿ ಕ್ಲೈಂಟ್ (ಮೇಲ್ ಕಳಿಸುವ ಭಾಗ), ಅದಕ್ಕೆ ಗೊತ್ತಿರುವುದು ಈ ಎರಡನೇ ವಿಧಾನ ಮಾತ್ರ. ವಿಝಾರ್ಡ್‌ನಲ್ಲಿ ಇರುವ ಎಸ್‌ಎಸ್‌ಎಲ್ ಟಿಕ್‌ನ ಅರ್ಥ ಸ್ಟಾರ್ಟ್‌ಟಿಎಲ್‌ಎಸ್. 465ಕ್ಕೆ ಹೋದರೆ ಇವನು ಅವನ ನಮಸ್ಕಾರಕ್ಕೆ ಕಾಯುತ್ತಾನೆ, ಅವನು ಇವನ ಗೂಢಲಿಪಿಗೆ ಕಾಯುತ್ತಾನೆ, ಕೊನೆಗೆ ಟೈಮ್‌ಔಟ್. ಮೊಬೈಲ್ ಆ್ಯಪ್‌ಗೆ ಎರಡೂ ಬರುತ್ತದೆ, ಅದಕ್ಕೇ ಅಲ್ಲಿ ಕೆಲಸ ಮಾಡಿದ್ದು.

ಇನ್ನೂ ಒಂದು. ಪೋರ್ಟ್ ತೆರೆದಿದೆಯಾ ಅಂತ ಡೇಟಾಬೇಸ್ ಸರ್ವರ್‌ನಿಂದಲೇ ನೋಡಿ, ನಿಮ್ಮ ಲ್ಯಾಪ್‌ಟಾಪ್‌ನಿಂದ ಅಲ್ಲ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕೊಟ್ಟು ಮೇಲ್ ಸರ್ವರ್ ಹೆಸರು, ಪೋರ್ಟ್ 587 ಹಾಕಿ. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ದಾರಿ ಇದೆ. ಕೆಲವು ಕಡೆ ಫೈರ್‌ವಾಲ್ ಬಿಟ್ಟಿರುತ್ತದೆ, ಆ್ಯಂಟಿವೈರಸ್ ಹಿಡಿದುಕೊಂಡಿರುತ್ತದೆ. ಗೊತ್ತಿಲ್ಲದ ಪ್ರೋಗ್ರಾಮ್ ಮೇಲ್ ಕಳಿಸಲು ಹೋದರೆ ತಡೆಯುವ ನಿಯಮ ಅದರಲ್ಲೇ ಇರುತ್ತದೆ. ಟೆಸ್ಟ್-ನೆಟ್‌ಕನೆಕ್ಷನ್ ಟ್ರೂ, ಆದರೂ ಮೇಲ್ ಟೈಮ್‌ಔಟ್ ಅಂದರೆ ಅಲ್ಲಿ ನೋಡಿ.

ಆನೆಮರಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಪೋಸ್ಟ್‌ಗ್ರೆಸ್ ಕಡೆಯವನು. ಡೇಟಾಬೇಸ್ ಯಾಕೆ ಮೇಲ್ ಕಳಿಸಬೇಕು? ಪೋಸ್ಟ್‌ಗ್ರೆಸ್‌ನಲ್ಲಿ ಮೇಲ್ ಕಳಿಸುವ ಸೌಲಭ್ಯವೇ ಇಲ್ಲ, ಮೈಎಸ್‌ಕ್ಯೂಎಲ್‌ನಲ್ಲೂ ಇಲ್ಲ. ಅದು ಕೊರತೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಒಂದು ಟೇಬಲ್ ಇಡಿ, ಕಳಿಸಬೇಕಾದ ಮೇಲ್‌ಗಳನ್ನು ಅದರಲ್ಲಿ ಬರೆಯಿರಿ. ಹೊರಗಿನ ಒಂದು ಸಣ್ಣ ಪ್ರೋಗ್ರಾಮ್ ಅದನ್ನು ಓದಿ ಕಳಿಸಲಿ. ಹೊಸ ಸಾಲು ಬಂತು ಅಂತ ತಿಳಿಸಲು ನೋಟಿಫೈ ಇದೆ. ಎರಡು ಮೂರು ಪ್ರೋಗ್ರಾಮ್ ಒಟ್ಟಿಗೆ ಓದಿದರೂ ಒಂದೇ ಮೇಲ್ ಎರಡು ಸಲ ಎತ್ತಿಕೊಳ್ಳದ ಹಾಗೆ ಸ್ಕಿಪ್ ಲಾಕ್ಡ್ ಇದೆ, 9.5 ಆವೃತ್ತಿಯಿಂದಲೇ. ಮೇಲ್ ಸರ್ವರ್ ಪಾಸ್‌ವರ್ಡ್ ಡೇಟಾಬೇಸ್ ಒಳಗೆ ಇರುವುದಿಲ್ಲ, ಡೇಟಾಬೇಸ್ ಮಷೀನ್‌ಗೆ ಹೊರಗಿನ ಇಂಟರ್ನೆಟ್ ಬೇಕಾಗುವುದಿಲ್ಲ.

ರಾತ್ರಿಪಾಳಿ:
ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಗ್ರಾಹಕರಿಗೆ ಹೋಗುವ ಬಿಲ್, ಒಟಿಪಿ, ಪಾಸ್‌ವರ್ಡ್ ಬದಲಿಸುವ ಲಿಂಕ್, ಇವು ಯಾವುದೂ ಡೇಟಾಬೇಸ್‌ನಿಂದ ನೇರವಾಗಿ ಹೋಗಬಾರದು. ಆದರೆ ಬ್ಯಾಕಪ್ ಫೇಲ್ ಆಯಿತು, ಲಾಗ್ ಫೈಲ್ ತುಂಬುತ್ತಿದೆ, ಇಂಥದ್ದನ್ನು ಡಿಬಿಎಗೆ (ಡೇಟಾಬೇಸ್ ನೋಡಿಕೊಳ್ಳುವವರಿಗೆ) ಹೇಳಲು ಇನ್ನೊಂದು ಅಪ್ಲಿಕೇಶನ್ ಬರೆದು, ಅದನ್ನು ಸಾಕಿಕೊಂಡು, ಅದು ಬಿದ್ದಾಗ ಅದನ್ನೂ ಎಬ್ಬಿಸಬೇಕು ಅಂದರೆ ಕೆಲಸ ಜಾಸ್ತಿ ಆಗುತ್ತದೆ. ಜೊತೆಗೆ ಡೇಟಾಬೇಸ್ ಮೇಲ್ ಒಳಗಡೆ ಮಾಡುವುದೂ ನೀವು ಹೇಳಿದ್ದನ್ನೇ ಅಲ್ವಾ? ಟೇಬಲ್‌ನಲ್ಲಿ ಸಾಲು, ಹೊರಗೆ ಪ್ರೋಗ್ರಾಮ್.

ಮೊದಲು ಹೀಗಿರಲಿಲ್ಲ. 2005ಕ್ಕೆ ಮುಂಚೆ ಎಸ್‌ಕ್ಯೂಎಲ್ ಮೇಲ್ ಅಂತ ಇತ್ತು. ಅದಕ್ಕೆ ಸರ್ವರ್ ಮೇಲೆ ಔಟ್‌ಲುಕ್‌ನಂಥ ಮೇಲ್ ಕ್ಲೈಂಟ್ ಹಾಕಬೇಕಿತ್ತು. 2005ರಲ್ಲಿ ಡೇಟಾಬೇಸ್ ಮೇಲ್ ಬಂದ ಮೇಲೆ ಆ ಕಷ್ಟ ತಪ್ಪಿತು, 2012ರಲ್ಲಿ ಹಳೆಯದನ್ನು ತೆಗೆದೇ ಹಾಕಿದರು.

ಕಾಲಂ_ಸಾಲು:
ಒರಾಕಲ್ ಡೇಟಾಬೇಸ್‌ನಲ್ಲಿ ಮೇಲ್ ಕಳಿಸಲು ಯುಟಿಎಲ್_ಎಸ್‌ಎಂಟಿಪಿ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ: ಓಆರ್‌ಎ-24247 ಎರರ್ ಬಂದರೆ ಮೇಲ್ ಸರ್ವರ್ ಕಡೆ ನೋಡಬೇಡಿ. 11ಜಿಯಿಂದ ಹೊರಗಿನ ನೆಟ್‌ವರ್ಕ್‌ಗೆ ಹೋಗಲು ಯೂಸರ್‌ಗೆ ಎಸಿಎಲ್ (ಯಾರು ಎಲ್ಲಿಗೆ ಹೋಗಬಹುದು ಅನ್ನುವ ಪಟ್ಟಿ) ಮೂಲಕ ಅನುಮತಿ ಕೊಡಬೇಕು, ಡಿಬಿಎಂಎಸ್_ನೆಟ್‌ವರ್ಕ್_ಎಸಿಎಲ್_ಅಡ್ಮಿನ್ ಪ್ಯಾಕೇಜ್‌ನಲ್ಲಿ. 10ಜಿಯಿಂದ ಮೇಲೆ ಬಂದ ಹಳೇ ಪ್ರೊಸೀಜರ್‌ಗಳು ನಿಲ್ಲುವುದು ಇಲ್ಲೇ.

ಹೊಸ_ಡಿಬಿಎ:
587 ಹಾಕಿದೆ, ಟೈಮ್‌ಔಟ್ ಹೋಯಿತು. ಈಗ ಬೇರೆ ಎರರ್: ಸುರಕ್ಷಿತ ಸಂಪರ್ಕ ಬೇಕು ಅಥವಾ ಕ್ಲೈಂಟ್ ದೃಢೀಕರಣ ಆಗಿಲ್ಲ, 5.7.0. ಸದ್ಯಕ್ಕೆ ಪರೀಕ್ಷೆಗೆ ಅಂತ ಜಿಮೇಲ್ ಅಕೌಂಟ್ ಬಳಸುತ್ತಿದ್ದೇನೆ. ಪಾಸ್‌ವರ್ಡ್ ಸರಿ ಇದೆ, ಬ್ರೌಸರ್‌ನಲ್ಲಿ ಅದೇ ಹಾಕಿ ಒಳಗೆ ಹೋಗುತ್ತೇನೆ.

ಪೋರ್ಟ್25:
ಬ್ರೌಸರ್ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. 2022ರ ಮೇ ಕೊನೆಯಿಂದ ಅದು ನಿಂತಿದೆ. ಎರಡು ಹಂತದ ದೃಢೀಕರಣ ಆನ್ ಮಾಡಿ, ಆಮೇಲೆ ಆ್ಯಪ್ ಪಾಸ್‌ವರ್ಡ್ ಅಂತ 16 ಅಕ್ಷರದ್ದು ಮಾಡಿಕೊಳ್ಳಿ, ಅದನ್ನು ಡೇಟಾಬೇಸ್ ಮೇಲ್‌ನಲ್ಲಿ ಹಾಕಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ದಯವಿಟ್ಟು ಅದನ್ನೇ ಕಾಯಂ ಮಾಡಬೇಡಿ. ಒಬ್ಬರ ಸ್ವಂತ ಅಕೌಂಟ್ ಮೇಲೆ ಕಚೇರಿಯ ಎಚ್ಚರಿಕೆ ನಿಂತಿದ್ದರೆ, ಅವರು ಕೆಲಸ ಬಿಟ್ಟ ದಿನ ಎಚ್ಚರಿಕೆಯೂ ಹೋಗುತ್ತದೆ. ನಿಮ್ಮ ಸಂಸ್ಥೆಯ ಮೇಲ್ ನೋಡಿಕೊಳ್ಳುವವರನ್ನು ಕೇಳಿ, ಒಳಗಿನ ರಿಲೇ ಸರ್ವರ್ (ಕಚೇರಿಯ ಮೇಲ್‌ಗಳನ್ನು ಹೊರಗೆ ದಾಟಿಸುವ ಮಷೀನ್) ಸಾಮಾನ್ಯವಾಗಿ ಇರುತ್ತದೆ. ಡೇಟಾಬೇಸ್ ಸರ್ವರ್‌ನ ಐಪಿಗೆ ಮಾತ್ರ ಅದರಲ್ಲಿ ಅನುಮತಿ ಕೊಡಿಸಿ. ಆಗ ಡೇಟಾಬೇಸ್ ಮಷೀನ್‌ಗೆ ಇಂಟರ್ನೆಟ್ ತೆರೆಯುವ ಅಗತ್ಯವೇ ಇಲ್ಲ, ಆನೆಮರಿ ಅವರ ಆಕ್ಷೇಪಕ್ಕೂ ಅಲ್ಲಿಗೆ ಉತ್ತರ ಸಿಕ್ಕಿತು.

ಹೊಸ_ಡಿಬಿಎ:
ಬಂತು!! ಮೊದಲು ಆ್ಯಪ್ ಪಾಸ್‌ವರ್ಡ್ ಹಾಕಿ ನೋಡಿದೆ, ಬಂತು. ಆಮೇಲೆ ನೀವು ಹೇಳಿದ ಹಾಗೆ ನಮ್ಮ ರಿಲೇಗೆ ಬದಲಿಸಿದೆ, ಅದರಿಂದಲೂ ಬಂತು, ಆದರೆ ಸ್ಪ್ಯಾಮ್‌ನಲ್ಲಿ. ಇರಲಿ, ಬಂದಿತಲ್ಲ.

ಈಗ ಇನ್ನೊಂದು ವಿಚಿತ್ರ. ಟೆಸ್ಟ್ ಮೇಲ್ ಬರುತ್ತದೆ. ಜಾಬ್‌ಗೆ ಆಪರೇಟರ್ (ಎಚ್ಚರಿಕೆ ಮೇಲ್ ಪಡೆಯುವವರು) ಸೇರಿಸಿ, ಫೇಲ್ ಆದರೆ ಮೇಲ್ ಅಂತ ಟಿಕ್ ಹಾಕಿದ್ದೇನೆ. ಬೇಕಂತಲೇ ಸೊನ್ನೆಯಿಂದ ಭಾಗಿಸುವ ಒಂದು ಜಾಬ್ ಮಾಡಿ ಬೀಳಿಸಿದೆ. ಮೇಲ್ ಇಲ್ಲ. ಸಿಸ್‌ಮೇಲ್_ಆಲ್‌ಐಟಮ್ಸ್‌ನಲ್ಲಿ ಸಾಲೇ ಇಲ್ಲ.

ರಾತ್ರಿಪಾಳಿ:
ಬೇಕಂತಲೇ ಬೀಳಿಸಿ ನೋಡಿದ್ದು ತುಂಬ ಒಳ್ಳೆಯದಾಯಿತು. ಎಷ್ಟೋ ಜನ ಟೆಸ್ಟ್ ಮೇಲ್ ಬಂದ ಕೂಡಲೇ ಕೆಲಸ ಮುಗಿಯಿತು ಅಂತ ಎದ್ದು ಹೋಗುತ್ತಾರೆ.

ಜಾಬ್‌ಗಳನ್ನು ಓಡಿಸುವುದು ಏಜೆಂಟ್ ಅನ್ನುವ ಬೇರೆ ಸರ್ವಿಸ್, ಅದಕ್ಕೆ ಡೇಟಾಬೇಸ್ ಮೇಲ್ ಇದೆ ಅಂತ ಬೇರೆಯಾಗಿ ಹೇಳಬೇಕು. ಎಸ್‌ಕ್ಯೂಎಲ್ ಸರ್ವರ್ ಏಜೆಂಟ್‌ನ ಪ್ರಾಪರ್ಟೀಸ್, ಅದರಲ್ಲಿ ಅಲರ್ಟ್ ಸಿಸ್ಟಮ್, ಅಲ್ಲಿ ಮೇಲ್ ಪ್ರೊಫೈಲ್ ಎನೇಬಲ್ ಮಾಡಿ ನಿಮ್ಮ ಪ್ರೊಫೈಲ್ ಆರಿಸಿ. ಆಮೇಲೆ ಏಜೆಂಟ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಮಾಡದೆ ಇದ್ದರೆ ಹೊಸ ಸೆಟ್ಟಿಂಗ್ ಅದರ ಗಮನಕ್ಕೆ ಬಾರದೇ ಹೋಗಬಹುದು. ಡೇಟಾಬೇಸ್ ಎಂಜಿನ್ ರೀಸ್ಟಾರ್ಟ್ ಬೇಡ, ಏಜೆಂಟ್ ಮಾತ್ರ. ಯಾವುದಾದರೂ ಜಾಬ್ ಓಡುತ್ತಿದ್ದರೆ ಅದು ಮುಗಿದ ಮೇಲೆ ಮಾಡಿ.

ಆಪರೇಟರ್‌ನ ವಿಳಾಸಕ್ಕೆ ಒಬ್ಬರದ್ದು ಬೇಡ, ಗುಂಪಿನ ವಿಳಾಸ ಹಾಕಿ. ಆ ಜಾಗದಲ್ಲಿ 100 ಅಕ್ಷರ ಮಾತ್ರ ಹಿಡಿಯುತ್ತದೆ, ನಾಲ್ಕೈದು ವಿಳಾಸ ತುರುಕಲು ಹೋದರೆ ಸಾಲುವುದಿಲ್ಲ.

ಪೋರ್ಟ್25:
ಸ್ಪ್ಯಾಮ್ ವಿಷಯವನ್ನು 'ಇರಲಿ' ಅಂತ ಬಿಡಬೇಡಿ. ಸ್ಪ್ಯಾಮ್‌ನಲ್ಲಿ ಬಿದ್ದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ, ಮತ್ತೆ ಆ ನಾಲ್ಕು ದಿನದ ಕಥೆಯೇ. ಫ್ರಮ್ ವಿಳಾಸದಲ್ಲಿರುವ ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್ ದಾಖಲೆ ಇರುತ್ತದೆ, ಈ ಡೊಮೇನ್ ಹೆಸರಿನಲ್ಲಿ ಯಾವ ಐಪಿಗಳು ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ನಿಮ್ಮ ರಿಲೇಯ ಹೊರಮುಖದ ಐಪಿ ಅದರಲ್ಲಿ ಇದೆಯಾ ಕೇಳಿ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಎರಡನೆಯದನ್ನು ಪಕ್ಕದಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ, ಇದ್ದದ್ದರಲ್ಲೇ ಸೇರಿಸಿ. ರಿಲೇಯಲ್ಲಿ ಡಿಕಿಮ್ ಸಹಿ (ಮೇಲ್ ಆ ಡೊಮೇನ್‌ನದೇ ಅಂತ ತೋರಿಸುವ ಡಿಜಿಟಲ್ ಗುರುತು) ಆನ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಇಲ್ಲಿ ಒಂದು ವಿಷಯ ನೆನಪಿಡಿ. ಡೇಟಾಬೇಸ್ ಮೇಲ್‌ನಲ್ಲಿ 'ಸೆಂಟ್' ಅಂದರೆ ಮೇಲ್ ಸರ್ವರ್ ಕೈಗೆ ಕೊಟ್ಟೆ ಅಂತ, ಅಷ್ಟೇ. ಆಮೇಲೆ ಅದು ತಲುಪಿತೋ, ಸ್ಪ್ಯಾಮ್‌ಗೆ ಹೋಯಿತೋ, ವಾಪಸ್ ಬಂತೋ, ಎಸ್‌ಕ್ಯೂಎಲ್ ಸರ್ವರ್‌ಗೆ ತಿಳಿಯುವುದಿಲ್ಲ. ಕ್ಯೂಡ್ ಅನ್ನು ಹೇಗೆ ನಂಬಬಾರದೋ ಸೆಂಟ್ ಅನ್ನೂ ಹಾಗೆ ಪೂರ್ತಿ ನಂಬಬಾರದು.

ಎರಡನೇ_ಕಪ್:
ನನ್ನದೂ ಒಂದು ಪ್ರಶ್ನೆ ಇಲ್ಲೇ ಕೇಳಬಹುದಾ? ಮೇಲ್‌ನಲ್ಲಿ ಕನ್ನಡ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಸಬ್ಜೆಕ್ಟ್ ಕೂಡ ಪೂರ್ತಿ ಚಿಹ್ನೆಗಳೇ.

ರಾತ್ರಿಪಾಳಿ:
ಉದ್ಧರಣ ಚಿಹ್ನೆಗೆ ಮುಂಚೆ ಎನ್ ಅಕ್ಷರ ಹಾಕಿದ್ದೀರಾ? ಎನ್ ಇಲ್ಲದೆ ಬರೆದ ಪಠ್ಯ ವಾರ್ಚಾರ್ (ಯೂನಿಕೋಡ್ ಅಲ್ಲದ ಪಠ್ಯ) ಆಗುತ್ತದೆ, ವಿಂಡೋಸ್‌ನ ಹಳೇ ಕೋಡ್‌ಪೇಜ್‌ಗಳಲ್ಲಿ ಕನ್ನಡಕ್ಕೆ ಜಾಗ ಇಲ್ಲ, ಹಾಗಾಗಿ ಒಂದೊಂದು ಚಿಹ್ನೆಯೂ ಪ್ರಶ್ನಾರ್ಥಕ ಆಗಿಬಿಡುತ್ತದೆ. ಮೇಲ್ ಹೊರಡುವ ಮುಂಚೆಯೇ ಅಕ್ಷರ ಸತ್ತಿರುತ್ತದೆ, ಆಮೇಲೆ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಬಾಡಿಯ ವೇರಿಯೇಬಲ್ ಅನ್ನು ಎನ್‌ವಾರ್ಚಾರ್ ಮ್ಯಾಕ್ಸ್ ಅಂತ ಘೋಷಿಸಿ, ಮಧ್ಯೆ ಎಲ್ಲೂ ವಾರ್ಚಾರ್ ವೇರಿಯೇಬಲ್‌ಗೆ ಹಾಕಬೇಡಿ. ಜೋಡಿಸುವ ಪ್ರತಿ ತುಂಡಿಗೂ ಎನ್ ಬೇಕು.

ಎರಡನೇ_ಕಪ್:
ಸರಿಹೋಯಿತು. ಬಾಡಿಗೆ ಎನ್ ಇತ್ತು, ಆದರೆ ನಡುವಿನ ಒಂದು ವೇರಿಯೇಬಲ್ ವಾರ್ಚಾರ್ 500 ಆಗಿತ್ತು. ಇನ್ನೊಂದು ಪ್ರಶ್ನೆ, ಆರ್ಡರ್ ಟೇಬಲ್‌ಗೆ ಸಾಲು ಬಿದ್ದ ಕೂಡಲೇ ಮೇಲ್ ಹೋಗಲಿ ಅಂತ ಟ್ರಿಗರ್ (ಟೇಬಲ್ ಬದಲಾದಾಗ ತಾನಾಗಿ ಓಡುವ ಕೋಡ್) ಒಳಗೆ ಎಸ್‌ಪಿ_ಸೆಂಡ್_ಡಿಬಿಮೇಲ್ ಹಾಕಿದ್ದೇನೆ. ನನಗೆ ಕೆಲಸ ಮಾಡುತ್ತದೆ, ಅಪ್ಲಿಕೇಶನ್‌ನಿಂದ ಸಾಲು ಹಾಕಿದರೆ ಆರ್ಡರೇ ಸೇವ್ ಆಗುವುದಿಲ್ಲ.

ಆನೆಮರಿ:
ಇದೇ ನೋಡಿ, ನಾನು ಹೆದರಿದ್ದು ಇದಕ್ಕೇ. ಮೇಲ್‌ಗಾಗಿ ಆರ್ಡರ್ ನಿಂತಿತು.

ರಾತ್ರಿಪಾಳಿ:
ಇಲ್ಲಿ ಆನೆಮರಿ ಅವರ ಮಾತು ಪೂರ್ತಿ ಸರಿ. ನೀವು ಅಡ್ಮಿನ್, ನಿಮಗೆ ಎಲ್ಲ ಅನುಮತಿ ಇದೆ. ಅಪ್ಲಿಕೇಶನ್ ಲಾಗಿನ್‌ಗೆ ಎಂಎಸ್‌ಡಿಬಿಯಲ್ಲಿ ಡೇಟಾಬೇಸ್‌ಮೇಲ್‌ಯೂಸರ್‌ರೋಲ್ ಇಲ್ಲ, ಹಾಗಾಗಿ ಎರರ್ 229, ಅಂದರೆ ಅನುಮತಿ ಇಲ್ಲ. ಟ್ರಿಗರ್ ಬಿದ್ದರೆ ಸಾಲು ಹಾಕುವ ಕೆಲಸವೂ ಅದರ ಜೊತೆ ವಾಪಸ್. ಈಗ ಸುಲಭ ಅಂತ ಆ ರೋಲ್ ಅನ್ನು ಅಪ್ಲಿಕೇಶನ್ ಲಾಗಿನ್‌ಗೆ ಕೊಡಬೇಡಿ! ವೆಬ್ ಕಡೆಯಿಂದ ಯಾರಾದರೂ ಎಸ್‌ಕ್ಯೂಎಲ್ ಇಂಜೆಕ್ಷನ್ ಮಾಡಿದರೆ (ತಮ್ಮ ಕಮಾಂಡ್ ಒಳಗೆ ತೂರಿಸಿದರೆ), ಮೇಲ್ ಕಮಾಂಡ್‌ನ ಕ್ವೆರಿ ಪ್ಯಾರಾಮೀಟರ್‌ನಲ್ಲಿ ಗ್ರಾಹಕರ ಟೇಬಲ್ ಕೊಟ್ಟು ಅದನ್ನು ತಮ್ಮ ವಿಳಾಸಕ್ಕೆ ಮೇಲ್ ಮಾಡಿಕೊಳ್ಳಬಹುದು. ನೀವೇ ಬಾಗಿಲು ತೆಗೆದುಕೊಟ್ಟ ಹಾಗಾಗುತ್ತದೆ. ಈ ಸೌಲಭ್ಯ ಮೊದಲಿಂದ ಆಫ್ ಆಗಿ ಬರುವುದಕ್ಕೆ ಕಾರಣ ಇದೆ. ಪ್ರೊಫೈಲ್ ಅನ್ನೂ ಪಬ್ಲಿಕ್ ಮಾಡಬೇಡಿ, ಬೇಕಾದ ಯೂಸರ್‌ಗೆ ಮಾತ್ರ ಪ್ರೈವೇಟ್ ಆಗಿ ಕೊಡಿ.

ಟ್ರಿಗರ್‌ನಲ್ಲಿ ಒಂದು ಟೇಬಲ್‌ಗೆ ಸಾಲು ಬರೆಯಿರಿ, ಅಷ್ಟೇ. ನಿಮಿಷಕ್ಕೊಮ್ಮೆ ಒಂದು ಏಜೆಂಟ್ ಜಾಬ್ ಬಂದು ಕಳಿಸಲಿ. ಆಗ ನೂರು ಆರ್ಡರ್‌ಗೆ ನೂರು ಮೇಲ್ ಬದಲು ಒಂದೇ ಮೇಲ್‌ನಲ್ಲಿ ಪಟ್ಟಿ ಕೊಡಬಹುದು. ಟ್ರಾನ್ಸಾಕ್ಷನ್ ಒಳಗೆ ಕ್ವೆರಿ ಪ್ಯಾರಾಮೀಟರ್ ಬಳಸುವುದರಲ್ಲಿ ಇನ್ನೂ ಒಂದು ಹೊಂಡ ಇದೆ. ಆ ಕ್ವೆರಿ ಓಡುವುದು ಬೇರೆ ಸೆಷನ್‌ನಲ್ಲಿ. ನೀವು ಇನ್ನೂ ಕಮಿಟ್ ಮಾಡದ ಸಾಲಿಗೆ ಅದು ಕಾಯುತ್ತದೆ, ನೀವು ಅದಕ್ಕೆ ಕಾಯುತ್ತೀರಿ.

ಹೊಸ_ಡಿಬಿಎ:
ಏಜೆಂಟ್ ರೀಸ್ಟಾರ್ಟ್ ಮಾಡಿದೆ, ಫೇಲ್ ಮೇಲ್ ಬಂತು. ಎಸ್‌ಪಿಎಫ್‌ನಲ್ಲಿ ರಿಲೇಯ ಹೊಸ ಐಪಿ ಇರಲೇ ಇಲ್ಲ, ಸೇರಿಸಿದರು, ಈಗ ಇನ್‌ಬಾಕ್ಸ್‌ಗೇ ಬರುತ್ತಿದೆ. ಎಲ್ಲರಿಗೂ ಮನಸಾರೆ ಧನ್ಯವಾದ. ಇಲ್ಲಿಗೆ ಮುಗಿಸಬಹುದಾ?

ರಾತ್ರಿಪಾಳಿ:
ಒಂದು ಬಾಕಿ ಇದೆ, ಅದನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ. ಈಗ ನಿಮ್ಮ ಹತ್ತಿರ ಇರುವುದು 'ಬಿದ್ದರೆ ಹೇಳು' ಅನ್ನುವ ವ್ಯವಸ್ಥೆ. ಏಜೆಂಟ್ ಸರ್ವಿಸ್ಸೇ ನಿಂತಿದ್ದರೆ? ಜಾಬ್ ಅನ್ನು ಯಾರೋ ಡಿಸೇಬಲ್ ಮಾಡಿ ಮರೆತಿದ್ದರೆ? ರಿಲೇಯ ಐಪಿ ಬದಲಾದರೆ? ಮೇಲ್ ಬರುವುದಿಲ್ಲ, ನೀವು ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತೀರಿ. ಒಂದು ಸಲ ನನಗೇ ಹೀಗಾಗಿದೆ. ಎಂಎಸ್‌ಡಿಬಿಯನ್ನು ಹೊಸ ಮಷೀನ್‌ಗೆ ರಿಸ್ಟೋರ್ ಮಾಡಿದ್ದೆ, ಅದರ ಬ್ರೋಕರ್ ಆಫ್ ಆಗಿತ್ತು. ಎರಡು ವಾರ ಒಂದೂ ಎಚ್ಚರಿಕೆ ಬರಲಿಲ್ಲ, ಎರಡು ವಾರ ನಾನು ನಿಶ್ಚಿಂತೆಯಿಂದ ಇದ್ದೆ. ಆ ಎರಡು ವಾರದಲ್ಲಿ ಮೂರು ಬ್ಯಾಕಪ್ ಬಿದ್ದಿದ್ದವು.

ಅದಕ್ಕೇ ದಿನಾ ಬೆಳಿಗ್ಗೆ 8ಕ್ಕೆ ಒಂದು ಮೇಲ್ ಬರುವ ಹಾಗೆ ಮಾಡಿಕೊಳ್ಳಿ, ಏನೂ ಆಗದಿದ್ದರೂ ಸರಿ. ಪ್ರತಿ ಡೇಟಾಬೇಸ್‌ನ ಹೆಸರು, ಅದರ ಮುಂದೆ ಕೊನೆಯ ಪೂರ್ತಿ ಬ್ಯಾಕಪ್ ಮುಗಿದ ಸಮಯ. ಎಂಎಸ್‌ಡಿಬಿಯ ಬ್ಯಾಕಪ್‌ಸೆಟ್ ಟೇಬಲ್‌ನಲ್ಲಿ ಬ್ಯಾಕಪ್_ಫಿನಿಶ್_ಡೇಟ್ ಇದೆ, ಟೈಪ್ ಡಿ ಅಂದರೆ ಪೂರ್ತಿ ಬ್ಯಾಕಪ್. ಆದರೆ ಆ ಟೇಬಲ್‌ನಿಂದ ಶುರು ಮಾಡಬೇಡಿ. ಸಿಸ್.ಡೇಟಾಬೇಸಸ್‌ನಿಂದ ಶುರು ಮಾಡಿ ಅದಕ್ಕೆ ಬ್ಯಾಕಪ್‌ಸೆಟ್ ಅನ್ನು ಲೆಫ್ಟ್ ಜಾಯಿನ್ ಮಾಡಿ (ಮೊದಲ ಪಟ್ಟಿಯ ಎಲ್ಲ ಸಾಲೂ ಉಳಿಯುವ ಜೋಡಣೆ). ಟೈಪ್ ಡಿ ಅನ್ನುವ ಷರತ್ತು ಜಾಯಿನ್‌ನ ಆನ್ ಭಾಗದಲ್ಲಿ ಇರಲಿ, ವೇರ್‌ನಲ್ಲಿ ಬೇಡ, ವೇರ್‌ಗೆ ಹಾಕಿದರೆ ಲೆಫ್ಟ್ ಜಾಯಿನ್ ಮಾಡಿದ್ದೇ ವ್ಯರ್ಥ. ಯಾವತ್ತೂ ಬ್ಯಾಕಪ್ ಆಗದ ಡೇಟಾಬೇಸ್‌ಗೆ ಬ್ಯಾಕಪ್‌ಸೆಟ್‌ನಲ್ಲಿ ಸಾಲೇ ಇರುವುದಿಲ್ಲ, ನಿಮಗೆ ಕಾಣಬೇಕಾದ್ದು ಮುಖ್ಯವಾಗಿ ಅದೇ. ಟೆಂಪ್‌ಡಿಬಿಗೆ (ಸರ್ವರ್‌ನ ತಾತ್ಕಾಲಿಕ ಡೇಟಾಬೇಸ್) ಬ್ಯಾಕಪ್ ಮಾಡಲು ಬರುವುದಿಲ್ಲ, ಅದೊಂದನ್ನು ಬಿಟ್ಟುಬಿಡಿ.

8 ಗಂಟೆಗೆ ಮೇಲ್ ಬರಲಿಲ್ಲ ಅಂದರೆ ಅದೇ ಎಚ್ಚರಿಕೆ.

ಪೋರ್ಟ್25:
ಜೊತೆಗೆ ತಿಂಗಳಿಗೊಮ್ಮೆ ಹಳೇ ಮೇಲ್ ಅಳಿಸುವ ಜಾಬ್ ಹಾಕಿ. ಕಳಿಸಿದ ಪ್ರತಿ ಮೇಲ್, ಅಟ್ಯಾಚ್‌ಮೆಂಟ್ ಸಮೇತ, ಎಂಎಸ್‌ಡಿಬಿಯಲ್ಲೇ ಉಳಿಯುತ್ತದೆ, ತಾನಾಗಿ ಹೋಗುವುದಿಲ್ಲ. ಸಿಸ್‌ಮೇಲ್_ಡಿಲೀಟ್_ಮೇಲ್‌ಐಟಮ್ಸ್_ಎಸ್‌ಪಿ ಮತ್ತು ಸಿಸ್‌ಮೇಲ್_ಡಿಲೀಟ್_ಲಾಗ್_ಎಸ್‌ಪಿ, ಎರಡಕ್ಕೂ ಇಷ್ಟು ದಿನಕ್ಕಿಂತ ಹಳೆಯದು ಅಂತ ದಿನಾಂಕ ಕೊಡಬಹುದು. ಅಟ್ಯಾಚ್‌ಮೆಂಟ್ ಮಿತಿ ಡೀಫಾಲ್ಟ್ ಆಗಿ 10,00,000 ಬೈಟ್, ವರದಿ ದೊಡ್ಡದಿದ್ದರೆ ಅಲ್ಲಿ ನಿಲ್ಲುತ್ತದೆ.

ಹೊಸ_ಡಿಬಿಎ:
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಬೆಳಗಿನ ಮೇಲ್ ಮಾಡಿದೆ, ಎಚ್‌ಟಿಎಂಎಲ್ ಟೇಬಲ್ ಆಗಿ, 24 ಗಂಟೆಗಿಂತ ಹಳೆಯದು ಕೆಂಪಾಗಿ ಕಾಣುವ ಹಾಗೆ. ಇವತ್ತು ಮೊದಲ ಮೇಲ್ ಬಂತು. ಹದಿನಾಲ್ಕು ಡೇಟಾಬೇಸ್‌ಗಳಲ್ಲಿ ಹದಿಮೂರರ ಮುಂದೆ ನಿನ್ನೆ ರಾತ್ರಿಯ ಸಮಯ ಇದೆ. ಒಂದರ ಮುಂದೆ ಏನೂ ಇಲ್ಲ. ಐದು ತಿಂಗಳ ಹಿಂದೆ ಹೊಸದಾಗಿ ಮಾಡಿದ ಡೇಟಾಬೇಸ್ ಅದು, ಬ್ಯಾಕಪ್ ಜಾಬ್‌ನಲ್ಲಿ ಹೆಸರುಗಳನ್ನು ಕೈಯಲ್ಲಿ ಬರೆದಿದ್ದರು, ಇದನ್ನು ಯಾರೂ ಸೇರಿಸಿರಲಿಲ್ಲ. ಜಾಬ್ ದಿನಾ ಯಶಸ್ವಿ ಅಂತಲೇ ತೋರಿಸುತ್ತಿತ್ತು. ಈಗಷ್ಟೇ ಅದರ ಮೊದಲ ಬ್ಯಾಕಪ್ ಓಡುತ್ತಿದೆ, 40 ಪರ್ಸೆಂಟ್ ಆಗಿದೆ.